ಸೆಟ್ರಿಜಿನ್ 10, ಲಿವೋಸೆಟ್ರಿಜಿನ್ 5: ಮಗಳ ಪಿಎಚ್‌ಡಿ ಬಗ್ಗೆ ಒಬ್ಬ ತಂದೆಗೆ ಉತ್ತರ

ಪ್ರಶ್ನೆ: ಚಿತ್ರದುರ್ಗದಲ್ಲಿ 22 ವರ್ಷದಿಂದ ಮೆಡಿಕಲ್ ಶಾಪ್ ನಡೆಸುತ್ತಿದ್ದೇನೆ. ಮಗಳು ದಾವಣಗೆರೆ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಕೆಮಿಸ್ಟ್ರಿ ಕೊನೆಯ ವರ್ಷದಲ್ಲಿದ್ದಾಳೆ. ‘ಅಸಿಮೆಟ್ರಿಕ್ ಕ್ಯಾಟಲಿಸಿಸ್’ನಲ್ಲಿ ಪಿಎಚ್‌ಡಿ ಮಾಡುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಏನದು ಅಂದರೆ ‘ಎಡ-ಬಲ ಬೇರೆ ಮಾಡೋದು ಅಪ್ಪಾ’ ಅನ್ನುತ್ತಾಳೆ. ಅದಕ್ಕೆ ಐದು ವರ್ಷ ಬೇಕಾ? ಮುಂದೆ ಕೆಲಸ ಸಿಗುತ್ತಾ? ಕುದಾಪುರದಲ್ಲಿ ಐಐಎಸ್‌ಸಿ ಇದೆಯಲ್ಲ, ಮನೆ ಹತ್ತಿರವೇ ಮಾಡಬಹುದಲ್ವಾ? ನೆಂಟರೆಲ್ಲ ಬಿ.ಎಡ್. ಮಾಡಿಸಿ ಮುಗಿಸಿ ಅನ್ನುತ್ತಿದ್ದಾರೆ.

ಉತ್ತರ: ನಿಮ್ಮ ಮಗಳು ಹೇಳಿದ್ದು ಹೆಚ್ಚುಕಡಿಮೆ ಸರಿ. ಒಂದು ಸಣ್ಣ ತಿದ್ದುಪಡಿ ಅಷ್ಟೇ. ಎಡ-ಬಲ ಹುಟ್ಟಿದ ಮೇಲೆ ಬೇರೆ ಮಾಡೋದು ಹಳೇ ಪದ್ಧತಿ. ಹುಟ್ಟುವಾಗಲೇ ಒಂದೇ ಕಡೆಯದು ಹುಟ್ಟುವ ಹಾಗೆ ನೋಡಿಕೊಳ್ಳೋದು ಅವಳು ಹೊರಟಿರುವ ದಾರಿ. ನಾನು ಇದೇ ಕೆಲಸದಲ್ಲಿ ಮೂವತ್ತು ಚಿಲ್ಲರೆ ವರ್ಷ ಕಳೆದವನು. ಹುಟ್ಟಿದ್ದು ಹೊಳಲ್ಕೆರೆ ಸೀಮೆಯ ಹಳ್ಳಿಯಲ್ಲಿ. ನಿವೃತ್ತಿಯಾಗಿ ಈಗ ದಾವಣಗೆರೆಯಲ್ಲಿ ಇದ್ದೇನೆ. ಮಗ ಏನು ಕೆಲಸ ಮಾಡುತ್ತಾನೆ ಅಂತ ನಮ್ಮಪ್ಪನಿಗೆ ಕೊನೆವರೆಗೂ ತಿಳಿಸಿ ಹೇಳಲು ನನ್ನಿಂದ ಆಗಲಿಲ್ಲ. ‘ಔಷಧಿ ಕಂಪನಿಯಲ್ಲಿ ಏನೋ ಕುದಿಸ್ತಾನೆ’ ಅಂತ ಊರವರಿಗೆ ಹೇಳುತ್ತಿದ್ದರು. ಹಾಗಾಗಿ ನಿಮಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ಅಂಗಡಿಯಿಂದಲೇ ಶುರು ಮಾಡೋಣ. ಅಲರ್ಜಿಗೆ ಕೊಡುವ ಸೆಟ್ರಿಜಿನ್ ಮಾತ್ರೆ 10 ಮಿಲಿಗ್ರಾಂ. ಪಕ್ಕದ ಡಬ್ಬದಲ್ಲಿರುವ ಲಿವೋಸೆಟ್ರಿಜಿನ್ 5 ಮಿಲಿಗ್ರಾಂ. ಡಾಕ್ಟರ್ ಚೀಟಿಯಲ್ಲಿ ಒಮ್ಮೆ ಅದು ಬರುತ್ತದೆ, ಒಮ್ಮೆ ಇದು ಬರುತ್ತದೆ. ಸರಿಯಾಗಿ ಅರ್ಧ ಯಾಕೆ ಅಂತ ಯಾವತ್ತಾದರೂ ಯೋಚಿಸಿದ್ದೀರಾ? ಎರಡರಲ್ಲೂ ಇರುವ ಪರಮಾಣುಗಳು ಅವೇ. ಯಾವುದು ಯಾವುದಕ್ಕೆ ಅಂಟಿಕೊಂಡಿದೆ ಅನ್ನೋದೂ ಒಂದೇ. ಆದರೆ ಸೆಟ್ರಿಜಿನ್‌ನಲ್ಲಿ ಒಂದು ಅಣು ಮತ್ತು ಅದರ ಕನ್ನಡಿ ಬಿಂಬ ಅರ್ಧಕ್ಕರ್ಧ ಬೆರೆತಿರುತ್ತವೆ. ಅಲರ್ಜಿ ತಡೆಯುವ ಕೆಲಸ ಬಹುಪಾಲು ಒಂದೇ ಮಾಡುತ್ತದೆ. ಇನ್ನೊಂದು ಸುಮ್ನೆ ಜೊತೆಗೆ ಬಂದಿರುತ್ತದೆ. ಕೆಲಸ ಮಾಡುವುದನ್ನು ಮಾತ್ರ ಇಟ್ಟುಕೊಂಡರೆ ಲಿವೋಸೆಟ್ರಿಜಿನ್. ಅದಕ್ಕೇ ಅರ್ಧ ತೂಕ ಸಾಕು. ಆಮ್ಲೋಡಿಪಿನ್ 5, ಎಸ್-ಆಮ್ಲೋಡಿಪಿನ್ 2.5 ಅನ್ನೋದೂ ಇದೇ ಲೆಕ್ಕ.

ಕನ್ನಡಿ ಬಿಂಬ ಅಂದರೆ ಎಡಗೈ-ಬಲಗೈ ಅಂತ ಪುಸ್ತಕಗಳಲ್ಲಿ ಬರೆಯುತ್ತಾರೆ. ನನಗೆ ಹಗ್ಗವೇ ಇಷ್ಟ. ಹಗ್ಗ ಹೊಸೆಯುವಾಗ ತಿರುವು ಒಂದು ಕಡೆಗೆ ಇರುತ್ತದೆ. ಆ ಹಗ್ಗವನ್ನು ತಲೆಕೆಳಗು ಮಾಡಿ, ಅಡ್ಡ ಹಿಡಿಯಿರಿ, ಏನೇ ಮಾಡಿ, ತಿರುವು ಬದಲಾಗುವುದಿಲ್ಲ. ಕನ್ನಡಿ ಮುಂದೆ ಹಿಡಿದರೆ ಮಾತ್ರ ಒಳಗಿನ ಹಗ್ಗಕ್ಕೆ ಎದುರು ತಿರುವು. ಅದನ್ನು ಕೈಯಲ್ಲಿ ಹಿಡಿಯಬೇಕು ಅಂದರೆ ಬೇರೆಯದೇ ಹೊಸೆಯಬೇಕು. ದಾವಣಗೆರೆಯಲ್ಲಿ ಕಾಟನ್ ಮಿಲ್‌ಗಳು ಜೋರಾಗಿದ್ದ ಕಾಲದ ಹಿರಿಯರನ್ನು ಕೇಳಿ, ನೂಲಿಗೂ ಎಸ್ ತಿರುವು, ಝೆಡ್ ತಿರುವು ಅಂತ ಎರಡು ಇರುತ್ತದೆ ಅನ್ನುತ್ತಾರೆ. ಅಣುಗಳಲ್ಲೂ ಹಾಗೇ. ಇಂಥ ತಿರುವು ಇರುವ ಅಣುವಿಗೆ ನಾವು ಕೈರಲ್ ಅನ್ನುತ್ತೇವೆ.

ದೇಹ ಈ ತಿರುವನ್ನು ಚೆನ್ನಾಗಿ ಗುರುತಿಸುತ್ತದೆ, ಯಾಕೆಂದರೆ ದೇಹದ ಪ್ರೋಟೀನ್‌ಗಳೇ ಒಂದು ಕಡೆಗೆ ತಿರುಚಿಕೊಂಡಿವೆ. ನಂಬಿಕೆ ಬರದಿದ್ದರೆ ಅಡುಗೆಮನೆಗೆ ಹೋಗಿ. ಸ್ಪಿಯರ್‌ಮಿಂಟ್ ಜಾತಿಯ ಪುದೀನದ ಘಮಕ್ಕೆ ಕಾರಣ ಕಾರ್ವೋನ್ ಅನ್ನುವ ಅಣು. ಸಬ್ಬಸಿಗೆ ಬೀಜದ ವಾಸನೆಗೆ ಮುಖ್ಯ ಕಾರಣವೂ ಕಾರ್ವೋನೇ. ಒಂದು ಇನ್ನೊಂದರ ಕನ್ನಡಿ ಬಿಂಬ, ಅಷ್ಟೇ ವ್ಯತ್ಯಾಸ. ಮೂಗಿಗೆ ಮಾತ್ರ ಎರಡಕ್ಕೂ ಸಂಬಂಧವೇ ಇಲ್ಲ ಅನ್ನಿಸುತ್ತದೆ.

ಇಲ್ಲಿ ಒಂದು ಅಡ್ಡಮಾತು. ಈ ವಿಷಯ ಬಂದಾಗೆಲ್ಲ ಥಾಲಿಡೊಮೈಡ್ ಕಥೆ ಹೇಳುತ್ತಾರೆ. 1957ರಲ್ಲಿ ಜರ್ಮನಿಯಲ್ಲಿ ಮಾರುಕಟ್ಟೆಗೆ ಬಂದು, ಸಾವಿರಾರು ಮಕ್ಕಳು ಅಂಗವಿಕಲರಾಗಿ ಹುಟ್ಟಿದ ಮೇಲೆ 1961ರಲ್ಲಿ ಹಿಂದೆ ತೆಗೆದುಕೊಂಡ ಔಷಧಿ. ‘ಒಳ್ಳೇ ಕಡೆಯದನ್ನು ಮಾತ್ರ ಕೊಟ್ಟಿದ್ದರೆ ಏನೂ ಆಗುತ್ತಿರಲಿಲ್ಲ’ ಅಂತ ಮೇಷ್ಟ್ರುಗಳು ಇವತ್ತಿಗೂ ಪಾಠ ಮಾಡುತ್ತಾರೆ. ಅದು ತಪ್ಪು. ಆ ಅಣು ದೇಹದ ಒಳಗೆ ತಾನಾಗಿಯೇ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಬದಲಾಗುತ್ತಿರುತ್ತದೆ. ಶುದ್ಧ ಮಾಡಿ ಕೊಟ್ಟಿದ್ದರೂ ಅನಾಹುತ ತಪ್ಪುತ್ತಿರಲಿಲ್ಲ. ಹಾಗೆಯೇ ‘ಲಿವೋ’, ‘ಎಸ್’ ಅಂತ ಮುಂದೆ ಸೇರಿಸಿದ್ದೆಲ್ಲ ದೊಡ್ಡ ಸುಧಾರಣೆ ಅಂತಲೂ ಅಂದುಕೊಳ್ಳಬೇಡಿ. ಆಫ್ಲಾಕ್ಸಾಸಿನ್‌ನಿಂದ ಲಿವೋಫ್ಲಾಕ್ಸಾಸಿನ್ ಬಂದದ್ದು ನಿಜವಾದ ಲಾಭ. ಸೆಟ್ರಿಜಿನ್ ವಿಷಯದಲ್ಲಿ ಲಾಭ ಅಷ್ಟಕ್ಕಷ್ಟೇ ಅಂತ ನನ್ನ ಅಭಿಪ್ರಾಯ.

ಸರಿ, ಇದರಲ್ಲಿ ಐದು ವರ್ಷದ ಕಷ್ಟ ಏನಿದೆ? ಫ್ಲಾಸ್ಕ್‌ನಲ್ಲಿ ಸಾಧಾರಣವಾಗಿ ರಿಯಾಕ್ಷನ್ ಮಾಡಿದರೆ ಎಡದ್ದು 50, ಬಲದ್ದು 50 ಬರುತ್ತದೆ. ಪ್ರಕೃತಿಗೆ ಪಕ್ಷಪಾತ ಮಾಡಲು ಕಾರಣವೇ ಇಲ್ಲ. ಬೆಟ್ಟ ಹತ್ತಲು ಅಕ್ಕಪಕ್ಕ ಎರಡು ದಾರಿ ಇದೆ, ಎರಡೂ ಒಂದೇ ಎತ್ತರ ಅಂದುಕೊಳ್ಳಿ. ಜಾತ್ರೆ ಜನ ಸಮನಾಗಿ ಹಂಚಿಹೋಗುತ್ತಾರೆ. ನೂರರಲ್ಲಿ 99 ಜನ ಒಂದೇ ದಾರಿಯಲ್ಲಿ ಹೋಗಬೇಕು ಅಂದರೆ ಆ ದಾರಿಯನ್ನು ಸ್ವಲ್ಪ ತಗ್ಗಿಸಬೇಕು. ಎಷ್ಟು ತಗ್ಗಿಸಬೇಕು ಅನ್ನೋದಕ್ಕೆ ಲೆಕ್ಕ ಇದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೋಲ್‌ಗೆ (ಅಣುಗಳನ್ನು ಎಣಿಸಲು ನಾವು ಬಳಸುವ ಅಳತೆ) ಸುಮಾರು 2.7 ಕಿಲೊಕ್ಯಾಲರಿ. ಎರಡು ಕಾರ್ಬನ್‌ಗಳ ನಡುವಿನ ಸಾಮಾನ್ಯ ಬಂಧ ಮುರಿಯಲು 80ಕ್ಕಿಂತ ಜಾಸ್ತಿ ಬೇಕು. ನೀರಿನ ಎರಡು ಅಣುಗಳ ನಡುವಿನ ಹೈಡ್ರೋಜನ್ ಬಂಧವೇ 5ರ ಆಸುಪಾಸು. ಅದರ ಅರ್ಧದಷ್ಟು ವ್ಯತ್ಯಾಸ ಹುಟ್ಟಿಸೋಕೆ ನಾವು ಜೀವಮಾನ ಸವೆಸುತ್ತೇವೆ. ಎಷ್ಟು ಸಣ್ಣದು ಅಂದರೆ, ಕಂಪ್ಯೂಟರ್ ಲೆಕ್ಕದಲ್ಲಿ ಬರುವ ತಪ್ಪು ಕೆಲವೊಮ್ಮೆ ಅದಕ್ಕಿಂತ ದೊಡ್ಡದಿರುತ್ತದೆ.

ಆ ದಾರಿ ತಗ್ಗಿಸುವುದೇ ವೇಗವರ್ಧಕದ ಕೆಲಸ, ನಾವು ಕ್ಯಾಟಲಿಸ್ಟ್ ಅಂತೀವಿ. ಅದಕ್ಕೇ ಒಂದು ತಿರುವು ಇರಬೇಕು. ಬಲಗೈ ಬಲಗೈಯನ್ನು ಕುಲುಕುವುದಕ್ಕೂ ಎಡಗೈಯನ್ನು ಹಿಡಿಯುವುದಕ್ಕೂ ವ್ಯತ್ಯಾಸ ಗೊತ್ತಾಗುತ್ತದಲ್ಲ, ಹಾಗೆ. ಹಾಗಾದರೆ ಮೊದಲ ತಿರುವು ಎಲ್ಲಿಂದ ತರೋದು? ಗಿಡದಿಂದ, ಪ್ರಾಣಿಯಿಂದ. ಈ ಇಡೀ ಶಾಸ್ತ್ರವನ್ನು ಹಿಂದಕ್ಕೆ ಎಳೆದುಕೊಂಡು ಹೋದರೆ ಮತ್ತೆ ಮತ್ತೆ ಒಂದೇ ಕಡೆ ಬಂದು ನಿಲ್ಲುತ್ತೀರಿ: ಹುಣಸೆಹಣ್ಣಿನ ಹುಳಿ.

ತಮಾಷೆಯಲ್ಲ. ಹುಣಸೆಗೆ ಹುಳಿ ಕೊಡೋದು ಟಾರ್ಟಾರಿಕ್ ಆಸಿಡ್. ದ್ರಾಕ್ಷಿಯಲ್ಲೂ ಅದೇ ಇದೆ. ಪ್ರಕೃತಿ ಅದನ್ನು ಒಂದೇ ತಿರುವಿನಲ್ಲಿ ಮಾಡುತ್ತದೆ. 1848ರಲ್ಲಿ ಫ್ರಾನ್ಸ್‌ನ ಲೂಯಿ ಪಾಶ್ಚರ್, ಆಗ ವಯಸ್ಸು 25, ಇದೇ ಆಸಿಡ್‌ನ ಅರ್ಧಕ್ಕರ್ಧ ಬೆರೆತ ಉಪ್ಪನ್ನು ನೀರಿನಿಂದ ಹರಳುಗಟ್ಟಿಸಿದ. ಹರಳುಗಳಲ್ಲಿ ಎರಡು ಬಗೆ ಕಂಡವು. ಒಂದರ ಮೂಲೆ ಬಲಕ್ಕೆ, ಇನ್ನೊಂದರದು ಎಡಕ್ಕೆ. ಚಿಮಟ ಹಿಡಿದು ಒಂದೊಂದಾಗಿ ಆರಿಸಿದ, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಒಂದು ಗುಂಪಿನ ದ್ರಾವಣ ಬೆಳಕಿನ ಕಂಪನದ ದಿಕ್ಕನ್ನು ಬಲಕ್ಕೆ ತಿರುಗಿಸಿತು, ಇನ್ನೊಂದು ಅಷ್ಟೇ ಎಡಕ್ಕೆ. ಹಿರಿಯ ವಿಜ್ಞಾನಿ ಬಿಯೋ ನಂಬದೆ, ತಮ್ಮ ಕಣ್ಣೆದುರೇ ಇನ್ನೊಮ್ಮೆ ಮಾಡಿ ತೋರಿಸು ಅಂದರು. ಮಾಡಿ ತೋರಿಸಿದ. ಇದರಲ್ಲಿ ಹವೆಯ ಅದೃಷ್ಟವೂ ಇತ್ತು. ಆ ಉಪ್ಪು ಸುಮಾರು 27 ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ ಎಡ-ಬಲ ಹರಳು ಬೇರೆ ಬೇರೆ ಕಟ್ಟುತ್ತದೆ. ಪಾಶ್ಚರ್ ಏಪ್ರಿಲ್‌ನಲ್ಲಿ ಚಳ್ಳಕೆರೆಯಲ್ಲಿ ಕೂತು ಈ ಪ್ರಯೋಗ ಮಾಡಿದ್ದರೆ ಏನೂ ಕಾಣುತ್ತಿರಲಿಲ್ಲ.

ಅಲ್ಲಿಂದ ಮುಂದಕ್ಕೆ ಬನ್ನಿ. 1971ರಲ್ಲಿ ಫ್ರಾನ್ಸ್‌ನ ಆಂರಿ ಕಗಾನ್ ಇದೇ ಆಸಿಡ್‌ನಿಂದ ಡಯಾಪ್ ಅನ್ನುವ ಲೈಗ್ಯಾಂಡ್ ಮಾಡಿದರು. ಲೈಗ್ಯಾಂಡ್ ಅಂದರೆ ಲೋಹದ ಪರಮಾಣುವನ್ನು ತಬ್ಬಿಕೊಂಡು ಅದಕ್ಕೆ ತಿರುವು ಕೊಡುವ ಅಣು. 1980ರಲ್ಲಿ ಅಮೆರಿಕದ ಬ್ಯಾರಿ ಶಾರ್ಪ್‌ಲೆಸ್ ಮತ್ತು ಜಪಾನಿನ ತ್ಸುಟೊಮು ಕತ್ಸುಕಿ, ಟೈಟಾನಿಯಂ ಜೊತೆ ಟಾರ್ಟಾರಿಕ್ ಆಸಿಡ್‌ನ ಎಸ್ಟರ್ ಸೇರಿಸಿ ಒಂದೇ ಕಡೆಯ ಎಪಾಕ್ಸೈಡ್ (ಎರಡು ಕಾರ್ಬನ್, ಒಂದು ಆಕ್ಸಿಜನ್ ಸೇರಿದ ಪುಟ್ಟ ಉಂಗುರ ಇರುವ ಅಣು) ಬರಿಸಿದರು. 1984ರಲ್ಲಿ ಕಗಾನ್ ಅದನ್ನೇ ಸ್ವಲ್ಪ ಬದಲಿಸಿ ಗಂಧಕ ಇರುವ ಅಣುಗಳಿಗೆ ಹೊಂದಿಸಿದರು. ಆ ವಿಧಾನವನ್ನು ಇನ್ನಷ್ಟು ತಿದ್ದಿ ತಯಾರಿಸಿದ್ದು ನೀವು ಅಸಿಡಿಟಿಗೆ ಕೊಡುವ ಎಸೊಮೆಪ್ರಜೋಲ್. ಅದಕ್ಕೆ ಬೇಕಾದದ್ದು ಮಾತ್ರ ಹುಣಸೆಹಣ್ಣಿನದಲ್ಲ, ಅದರ ಕನ್ನಡಿ ಬಿಂಬ.

ಇದರ ಪಕ್ಕದಲ್ಲೇ ಇನ್ನೊಂದು ದಾರಿ ಬೆಳೆಯಿತು. ಮಾನ್ಸಾಂಟೊ ಕಂಪನಿಯ ವಿಲಿಯಂ ನೋಲ್ಸ್ ರೋಡಿಯಂ ಲೋಹ ಬಳಸಿ ಪಾರ್ಕಿನ್‌ಸನ್ ರೋಗದ ಲೆವೊಡೋಪ ತಯಾರಿಸುವ ವಿಧಾನ ತಂದರು. ಜಪಾನಿನ ರ್ಯೋಜಿ ನೊಯೊರಿ ಬೈನ್ಯಾಪ್ ಅನ್ನುವ ಲೈಗ್ಯಾಂಡ್ ಮಾಡಿದರು, ಅದರಿಂದ ಕಾರ್ಖಾನೆಯಲ್ಲಿ ಟನ್‌ಗಟ್ಟಲೆ ಮೆಂಥಾಲ್ ತಯಾರಾಯಿತು. 2001ರ ನೊಬೆಲ್ ಈ ಇಬ್ಬರಿಗೆ ಅರ್ಧ, ಶಾರ್ಪ್‌ಲೆಸ್‌ಗೆ ಅರ್ಧ. 2021ರದ್ದು ಬೆಂಜಮಿನ್ ಲಿಸ್ಟ್ ಮತ್ತು ಡೇವಿಡ್ ಮ್ಯಾಕ್‌ಮಿಲನ್‌ಗೆ, ಲೋಹವೇ ಇಲ್ಲದ ಕ್ಯಾಟಲಿಸ್ಟ್‌ಗಳಿಗಾಗಿ. ಲಿಸ್ಟ್ ಮತ್ತು ಸಂಗಡಿಗರು 2000ದಲ್ಲಿ ಬಳಸಿದ್ದು ಪ್ರೋಲಿನ್, ನಮ್ಮ ಮೈಯಲ್ಲೇ ಇರುವ ಅಮೈನೋ ಆಸಿಡ್. ಮೊದಲ ಉದಾಹರಣೆಯಲ್ಲಿ ಇಳುವರಿ ಶೇ 68, ‘ಇಇ’ ಶೇ 76. ಅಂದರೆ 88 ಒಂದು ಕಡೆ, 12 ಇನ್ನೊಂದು ಕಡೆ. 88ರಲ್ಲಿ 12 ಕಳೆದರೆ ಉಳಿಯುವ ಹೆಚ್ಚುವರಿಯೇ ಇಇ. ಮಗಳು ಮುಂದೆ ಫೋನ್ ಮಾಡಿದಾಗ ‘ಊಟ ಆಯ್ತಾ’ ಅಂದ ಮೇಲೆ ‘ಇಇ ಎಷ್ಟು ಬಂತು?’ ಅಂತ ಕೇಳಿ ನೋಡಿ. ಅವಳಿಗೆ ಆಶ್ಚರ್ಯ ಆಗುತ್ತದೆ.

ನನ್ನ ಪಿಎಚ್‌ಡಿಯ ಮೊದಲ ಕೆಲಸವೂ ಹುಣಸೆ ಹುಳಿಯದ್ದೇ. ಟಾರ್ಟಾರಿಕ್ ಆಸಿಡ್ಡನ್ನು ನೀರಿನಲ್ಲಿ ಕರಗಿಸಿ, ಸೈಕ್ಲೋಹೆಕ್ಸೇನ್ ಡೈಅಮೀನ್ ಅನ್ನುವ ದ್ರವವನ್ನು ನಿಧಾನಕ್ಕೆ ಸುರಿಯಬೇಕು. ಅದರ ವಾಸನೆ ಹಳೇ ಮೀನಿನದು, ಅಂಗಿಗೆ ಹತ್ತಿದರೆ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ. ಬೀಕರ್ ತಾನಾಗಿಯೇ 70 ಡಿಗ್ರಿವರೆಗೆ ಬಿಸಿಯಾಗುತ್ತದೆ. ಆಮೇಲೆ ಗ್ಲೇಶಿಯಲ್ ಅಸೆಟಿಕ್ ಆಸಿಡ್ ಹಾಕಿದ ಕೂಡಲೇ ತಿಳಿಯಾಗಿದ್ದ ನೀರಿನಲ್ಲಿ ಬಿಳಿ ಮೋಡ ಏಳುತ್ತದೆ, ನೋಡ್ತಾ ನೋಡ್ತಾ ಗಂಜಿಯ ಹಾಗೆ ಗಟ್ಟಿಯಾಗುತ್ತದೆ. ಐಸ್‌ನಲ್ಲಿಟ್ಟು 5 ಡಿಗ್ರಿಗೆ ತಣಿಸಿ ಸೋಸಿದರೆ, ಬೆರೆತಿದ್ದ ಅಮೀನ್‌ಗಳಲ್ಲಿ ಒಂದೇ ತಿರುವಿನದು ಹರಳಾಗಿ ಕೈಗೆ ಬರುತ್ತದೆ. ಹುಳಿ ತನಗೆ ಒಪ್ಪುವ ಜೊತೆಯನ್ನು ಹಿಡಿದುಕೊಂಡು ತಳಕ್ಕೆ ಕೂತಿತು, ಒಪ್ಪದ್ದು ನೀರಲ್ಲೇ ಉಳಿಯಿತು. ಆ ಅಮೀನ್‌ನಿಂದ ಎರಿಕ್ ಜೇಕಬ್‌ಸನ್ 1990ರಲ್ಲಿ ಬರೆದ ಮ್ಯಾಂಗನೀಸ್ ಕ್ಯಾಟಲಿಸ್ಟ್ ಮಾಡಬಹುದು. ಇದು ನಾನು ಆ ಮೇಲೆ ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ. ಆ ಬಿಳಿ ಮೋಡ ಏಳೋದನ್ನು ನೋಡಲು ಪ್ರತಿ ಸಲವೂ ನಿಂತುಕೊಂಡಿದ್ದೇನೆ.

ಇದು ಖುಷಿಯ ದಿನದ ಮಾತು. ಉಳಿದ ದಿನಗಳು ಹೇಗಿರುತ್ತವೆ ಅಂತಲೂ ನಿಮಗೆ ಗೊತ್ತಿರಬೇಕು.

ಎರಡನೇ ವರ್ಷ ಜೆರಾನಿಯಾಲ್ ಎಪಾಕ್ಸೈಡ್ ಮಾಡುತ್ತಿದ್ದೆ. ಗುಲಾಬಿ ಘಮದ ಎಣ್ಣೆ, ಶಾರ್ಪ್‌ಲೆಸ್ ವಿಧಾನ, ಮೈನಸ್ 20 ಡಿಗ್ರಿ. ಇದಕ್ಕೆ ನೀರಿನ ಪಸೆ ಆಗದು. ಪಸೆ ಹೀರಲು ಮಾಲಿಕ್ಯುಲರ್ ಸೀವ್ ಅನ್ನುವ ಕಾಳು ಹಾಕುತ್ತೇವೆ. ಅದನ್ನು ಹಾಕಿದರೆ ಟೈಟಾನಿಯಂ ಶೇ 5ರಿಂದ 10 ಇದ್ದರೆ ಸಾಕು, ಇಲ್ಲದಿದ್ದರೆ ಪೂರ್ತಿ ಪ್ರಮಾಣವೇ ಬೇಕಾಗಬಹುದು. ಜೂನ್‌ವರೆಗೆ ಚೆನ್ನಾಗಿ ಬರುತ್ತಿದ್ದ ರಿಯಾಕ್ಷನ್ ಮಳೆ ಹಿಡಿದ ಕೂಡಲೇ ಕೆಟ್ಟಿತು. ಇಇ ಇಳಿಯಿತು, ಒಂದೊಂದು ದಿನ ರಿಯಾಕ್ಷನ್ನೇ ಇಲ್ಲ. ಎರಡು ತಿಂಗಳು ಪುಸ್ತಕ ತಿರುವಿ ಹಾಕಿ, ದೇವರಿಗೂ ಹರಕೆ ಹೊತ್ತೆ. ಕೊನೆಗೆ ಗೊತ್ತಾಗಿದ್ದು, ಸೀವ್ ಬಿಸಿ ಮಾಡುವ ಓವನ್ ಬಾಗಿಲಿನ ರಬ್ಬರ್ ಸವೆದಿತ್ತು. ಎರಡು ತಿಂಗಳು ಒಂದು ರಬ್ಬರ್‌ಗೆ.

ಇನ್ನೊಂದು ನನ್ನದೇ ತಪ್ಪು. ಅದನ್ನು ಹೇಳದಿದ್ದರೆ ಉತ್ತರ ಪೂರ್ತಿಯಾಗುವುದಿಲ್ಲ. ಎಡ-ಬಲ ಎಷ್ಟೆಷ್ಟು ಅಂತ ಅಳೆಯೋದು ಕೈರಲ್ ಎಚ್‌ಪಿಎಲ್‌ಸಿ ಯಂತ್ರದಲ್ಲಿ. ಅದರ ಕಾಲಂ ಅನ್ನುವ ಕೊಳವೆಯೊಳಗೆ ತಿರುವು ಇರುವ ಪುಡಿ ತುಂಬಿರುತ್ತದೆ, ಎಡ ಮುಂದೆ ಬರುತ್ತದೆ, ಬಲ ಹಿಂದೆ ಬರುತ್ತದೆ. ಕಾಗದದ ಮೇಲೆ ಎರಡು ಗುಡ್ಡ ಮೂಡುತ್ತವೆ. ಸಮ ಇದ್ದರೆ ಸೋಲು, ಒಂದು ದೊಡ್ಡದಾಗಿ ಇನ್ನೊಂದು ಹುಡುಕಿದರೂ ಸಿಗದಿದ್ದರೆ ಹಬ್ಬ. ಹೊಸ ಲೈಗ್ಯಾಂಡ್ ಒಂದರಲ್ಲಿ ನನಗೆ ಶೇ 94 ಬಂತು. ಗೈಡ್‌ಗೆ ಓಡಿಹೋಗಿ ತೋರಿಸಿದೆ. ಅವರು ಗ್ರಾಫ್ ಕಡೆ ನೋಡಲೇ ಇಲ್ಲ. ‘ಸ್ಯಾಂಪಲ್ ಎಲ್ಲಿಂದ ತೆಗೆದೆ?’ ಅಂದರು. ಫ್ಲಾಸ್ಕ್‌ನ ಗೋಡೆಗೆ ಕಟ್ಟಿದ್ದ ಚೆಂದದ ಹರಳಿನಿಂದ ತೆಗೆದಿದ್ದೆ. ಹರಳು ಕಟ್ಟುವಾಗ ತಾನೇ ಇನ್ನಷ್ಟು ಶುದ್ಧವಾಗುತ್ತದೆ, ಬೇಡದ್ದು ಕೆಳಗಿನ ರಸದಲ್ಲಿ ಉಳಿದುಬಿಡುತ್ತದೆ. ಎಲ್ಲಾ ಕರಗಿಸಿ ಅಳೆದರೆ ಶೇ 71. ಕ್ಯಾಟಲಿಸ್ಟ್‌ನ ನಿಜವಾದ ಯೋಗ್ಯತೆ ಅಷ್ಟೇ. ಆ ವಾರ ಊಟ ಸೇರಲಿಲ್ಲ. ಆದರೆ ಆಮೇಲೆ ಕಂಪನಿಯ ಪ್ರೊಸೆಸ್ ವಿಭಾಗಕ್ಕೆ ಸೇರಿದಾಗ ನನಗೆ ಅನ್ನ ಹಾಕಿದ್ದು ಶೇ 94 ಬರಿಸುವ ಕಲೆಯಲ್ಲ. ‘ಸ್ಯಾಂಪಲ್ ಎಲ್ಲಿಂದ ತೆಗೆದೆ?’ ಅನ್ನುವ ಆ ಪ್ರಶ್ನೆ.

ಐದು ವರ್ಷ ಯಾಕೆ ಬೇಕು ಅನ್ನೋದಕ್ಕೆ ಇದೇ ಉತ್ತರ. ಹೊಸ ರಿಯಾಕ್ಷನ್ ಹುಡುಕೋಕೆ ಹೊರಟವರಿಗೆ ಮೊದಲ ವರ್ಷವೆಲ್ಲ ಇಇ ಸೊನ್ನೆ ಬರುವುದುಂಟು. ಲೈಗ್ಯಾಂಡ್ ಬದಲಿಸು, ಸಾಲ್ವೆಂಟ್ ಬದಲಿಸು, ಚಳಿ ಜಾಸ್ತಿ ಮಾಡು, ಮತ್ತೆ ಅಳೆ. ನಿಮ್ಮ ಮಗಳಿಗೆ ಬುದ್ಧಿ ಇದೆಯಾ ಅಂತ ನಾನು ಕೇಳುವುದಿಲ್ಲ. ಒಂದೇ ಕೆಲಸ ನಲವತ್ತು ಸಲ ಕೆಟ್ಟರೂ ನಲವತ್ತೊಂದನೇ ಸಲದ ಫಲಿತಾಂಶವನ್ನು ಇದ್ದದ್ದು ಇದ್ದ ಹಾಗೆ ಬರೆದಿಡುವ ಸ್ವಭಾವ ಇದೆಯಾ? ಮನೆಯಲ್ಲಿ ಬೆಳೆಸಿದವರು ನೀವು, ನಿಮಗೇ ಗೊತ್ತಿರುತ್ತದೆ.

ಈಗ ಕುದಾಪುರದ ವಿಷಯ. ಚಳ್ಳಕೆರೆ ತಾಲ್ಲೂಕಿನ ಆ ಕ್ಯಾಂಪಸ್ ಐಐಎಸ್‌ಸಿಯದೇ ಹೌದು. ವಿಜ್ಞಾನ ಶಿಕ್ಷಕರ ತರಬೇತಿ ಅಲ್ಲಿ ಚೆನ್ನಾಗಿ ನಡೆಯುತ್ತದೆ. ಆದರೆ ಆರ್ಗ್ಯಾನಿಕ್ ಕೆಮಿಸ್ಟ್ರಿ ವಿಭಾಗ ಇರುವುದು ಬೆಂಗಳೂರಿನಲ್ಲಿ. ಈ ಕೆಲಸಕ್ಕೆ ಅಣುವಿನ ರಚನೆ ತೋರಿಸುವ ಎನ್‌ಎಂಆರ್ ಯಂತ್ರ ಬೇಕು, ಕೈರಲ್ ಕಾಲಂಗಳು ಬೇಕು. ಒಂದೊಂದು ಕಾಲಂಗೆ ಲಕ್ಷದ ಮೇಲಾಗುತ್ತದೆ, ಒಂದೇ ಕಾಲಂ ಎಲ್ಲ ಅಣುಗಳನ್ನೂ ಬೇರೆ ಮಾಡುವುದಿಲ್ಲ, ಏಳೆಂಟು ಇರಬೇಕು. ಹಾಗಾಗಿ ಬೆಂಗಳೂರು, ಪುಣೆಯ ಎನ್‌ಸಿಎಲ್, ಹೈದರಾಬಾದಿನ ಐಐಸಿಟಿ, ಐಐಟಿಗಳು, ಐಸರ್‌ಗಳು, ಇಂಥ ಕಡೆ ಕಳಿಸಲು ಮನಸ್ಸು ಗಟ್ಟಿ ಮಾಡಿಕೊಳ್ಳಿ. ಶಿವಗಂಗೋತ್ರಿಯಲ್ಲಿ, ಅಂದರೆ ನಿಮ್ಮ ಮಗಳ ದಾವಣಗೆರೆ ಕ್ಯಾಂಪಸ್‌ನಲ್ಲಿ, ಎಂ.ಎಸ್ಸಿ. ಮಾಡಿದವರು ಅಲ್ಲಿಗೆ ಹೋಗಬಹುದಾ ಅಂದರೆ ಧಾರಾಳವಾಗಿ. ಪ್ರವೇಶಕ್ಕೆ ನೋಡುವುದು ಸಿಎಸ್‌ಐಆರ್-ಯುಜಿಸಿ ನೆಟ್ ಅಥವಾ ಗೇಟ್ ಪರೀಕ್ಷೆ, ಆಮೇಲೆ ಸಂದರ್ಶನ. ಸಂದರ್ಶನದಲ್ಲಿ ಊರಿನ ಹೆಸರು ಕೇಳಲ್ಲ, ಬಾಣದ ಗುರುತು ಎಲ್ಲಿಂದ ಎಲ್ಲಿಗೆ ಅಂತ ಕೇಳುತ್ತಾರೆ. ಎಲೆಕ್ಟ್ರಾನ್ ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಅಂತ ಬಾಣ ಹಾಕಿ ತೋರಿಸಲು ಬಂದರೆ ಅರ್ಧ ಗೆದ್ದ ಹಾಗೆ. ಇಂಗ್ಲಿಷ್ ತಡವರಿಸುತ್ತದೆ ಅಂತ ಅವಳು ಹೆದರುತ್ತಿದ್ದರೆ, ನಾನೂ ತಡವರಿಸಿದವನೇ ಅಂತ ಹೇಳಿ.

ದುಡ್ಡಿನ ಮಾತು. ನೆಟ್‌ನಲ್ಲಿ ಜೆಆರ್‌ಎಫ್ (ಸಂಶೋಧನೆಗೆ ಕೊಡುವ ಫೆಲೋಶಿಪ್) ಬಂದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000, ಮನೆ ಬಾಡಿಗೆ ಭತ್ಯೆ ಬೇರೆ. ಈ ದರ 2023ರ ಜನವರಿಯಿಂದ ಜಾರಿಗೆ ಬಂದದ್ದು. ಹಣ ಬರುವುದು ಕೆಲವೊಮ್ಮೆ ತಿಂಗಳುಗಟ್ಟಲೆ ತಡ ಆಗುತ್ತದೆ, ಆಗ ಮನೆಯವರ ಆಸರೆ ಬೇಕು. ಅಷ್ಟು ಬಿಟ್ಟರೆ ನೀವು ಕೈಯಿಂದ ಹಾಕಬೇಕಾದ್ದು ಏನಿಲ್ಲ.

ನೆಂಟರ ಬಿ.ಎಡ್. ಸಲಹೆಯನ್ನು ನಾನು ಹಗುರ ಮಾಡುವುದಿಲ್ಲ. ಒಳ್ಳೇ ಕೆಮಿಸ್ಟ್ರಿ ಟೀಚರ್ ಇಲ್ಲದಿದ್ದರೆ ನಾನು ಇಲ್ಲಿಗೆ ಬರುತ್ತಲೇ ಇರಲಿಲ್ಲ. ಆದರೆ ಒಂದು ಗಮನಿಸಿ. ನೆಟ್ ಪಾಸಾದರೆ ಡಿಗ್ರಿ ಕಾಲೇಜಿನ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೂ ಅರ್ಹತೆ ಬರುತ್ತದೆ. ಒಂದೇ ಪರೀಕ್ಷೆಗೆ ಎರಡು ಬಾಗಿಲು. ಬಿ.ಎಡ್. ಬೇಕೆಂದರೆ ಮೂವತ್ತಕ್ಕೂ ಮಾಡಬಹುದು. ಪಿಎಚ್‌ಡಿಗೆ ಬೇಕಾದ ಹುರುಪು ಮೂವತ್ತಕ್ಕೆ ಇರುತ್ತದೋ ಇಲ್ಲವೋ.

ಕೆಲಸ ಸಿಗುತ್ತಾ? ವಿಶ್ವವಿದ್ಯಾಲಯದ ಪ್ರೊಫೆಸರ್ ಆಗಬೇಕು ಅಂತ ಒಂದನ್ನೇ ಹಿಡಿದು ಕೂತರೆ ಕಷ್ಟ. ಹುದ್ದೆ ಕಡಿಮೆ, ಪಿಎಚ್‌ಡಿ ನಂತರ ವಿದೇಶದಲ್ಲಿ ಎರಡು ಮೂರು ವರ್ಷ ಪೋಸ್ಟ್‌ಡಾಕ್ ಅನ್ನುವ ತಾತ್ಕಾಲಿಕ ಸಂಶೋಧನೆ ಕೆಲಸ ಮಾಡಿ ಬಂದವರೂ ಕಾಯುತ್ತಿರುತ್ತಾರೆ. ಇದನ್ನು ಮುಚ್ಚಿಡುವುದು ತಪ್ಪು. ಕಂಪನಿಗಳ ಕಡೆ ಹಾಗಲ್ಲ. ಬೆಂಗಳೂರು, ಹೈದರಾಬಾದಿನಲ್ಲಿ ಔಷಧಿ ತಯಾರಿಸುವವರಿಗೆ, ಬೇರೆಯವರಿಗಾಗಿ ಸಂಶೋಧನೆ ಮಾಡಿಕೊಡುವವರಿಗೆ ಇಂಥ ಕೈ ಬೇಕೇ ಬೇಕು. ಅಲ್ಲಿ ಕೇಳುವ ಪ್ರಶ್ನೆಗಳು ಬೇರೆ. ಈ ಕ್ಯಾಟಲಿಸ್ಟ್ ಕಿಲೋಗೆ ಎಷ್ಟು? ಒಂದು ಅಣು ಕ್ಯಾಟಲಿಸ್ಟ್ ಎಷ್ಟು ಸಲ ಕೆಲಸ ಮಾಡುತ್ತದೆ? ಲೋಹದ ಚೂರು ಮಾತ್ರೆಯಲ್ಲಿ ಉಳಿಯುತ್ತದಾ? ಮೆಟೊಲಾಕ್ಲೋರ್ ಅನ್ನುವ ಕಳೆನಾಶಕದ ಕಥೆ ಕೇಳಿ. ಮೆಕ್ಕೆಜೋಳದ ಹೊಲಗಳಿಗೆ ಬಳಸುತ್ತಾರೆ. ಅದರಲ್ಲಿ ಇರಿಡಿಯಂ ಲೋಹದ ಒಂದು ಪರಮಾಣು ಹತ್ತು ಲಕ್ಷಕ್ಕೂ ಜಾಸ್ತಿ ಅಣುಗಳನ್ನು ತಯಾರಿಸಿ ಕೊಡುತ್ತದೆ. ಇಇ ಮಾತ್ರ ಶೇ 80ರ ಸುಮಾರು. ಪಿಎಚ್‌ಡಿಯಲ್ಲಿ ಶೇ 80 ಅಂದರೆ ಮುಖ ಸಿಂಡರಿಸುತ್ತಾರೆ, ಹೊಲಕ್ಕೆ ಅಷ್ಟು ಸಾಕು.

ಇನ್ನೊಂದು ಬದಲಾವಣೆ ನಡೆಯುತ್ತಿದೆ, ಮಗಳಿಗೆ ಈಗಲೇ ಹೇಳಿ. ಸಕ್ಕರೆ ಕಾಯಿಲೆಯ ಸಿಟಾಗ್ಲಿಪ್ಟಿನ್ ನಿಮ್ಮ ಅಂಗಡಿಯಲ್ಲಿ ಇದ್ದೇ ಇರುತ್ತದೆ. 2022ರಲ್ಲಿ ಇಲ್ಲಿ ಪೇಟೆಂಟ್ ಮುಗಿದ ಮೇಲೆ ಬೆಲೆ ಇಳಿದದ್ದು ನಿಮಗೇ ಗೊತ್ತು. ಮರ್ಕ್ ಕಂಪನಿ ಅದನ್ನು ಮೊದಲು ರೋಡಿಯಂ ಬಳಸಿ ಒತ್ತಡದ ಹೈಡ್ರೋಜನ್‌ನಲ್ಲಿ ಮಾಡುತ್ತಿತ್ತು. ಆಮೇಲೆ ಕೊಡೆಕ್ಸಿಸ್ ಅನ್ನುವ ಕಂಪನಿ ಜೊತೆ ಸೇರಿ ಒಂದು ಕಿಣ್ವವನ್ನು ತಿದ್ದಿ ತಿದ್ದಿ ಆ ಕೆಲಸಕ್ಕೆ ಹಚ್ಚಿತು. 2010ರಲ್ಲಿ ಅದರ ವಿವರ ಪ್ರಕಟವಾಯಿತು, ತ್ಯಾಜ್ಯ ಶೇ 19ರಷ್ಟು ಕಡಿಮೆ, ದುಬಾರಿ ಲೋಹ ಬೇಕಿಲ್ಲ. ನನ್ನ ವಯಸ್ಸಿನ ಲೋಹದ ಕೆಮಿಸ್ಟ್‌ಗಳಿಗೆ ಆಗ ಹೊಟ್ಟೆ ಉರಿದದ್ದು ನಿಜ. ಆದ್ದರಿಂದ ಅವಳು ಲೋಹ ಕಲಿಯಲಿ, ಪ್ರೋಲಿನ್ ಥರದ್ದು ಕಲಿಯಲಿ, ಜೊತೆಗೆ ಕಿಣ್ವವನ್ನೂ ಕೈಯಲ್ಲಿ ಹಿಡಿದು ನೋಡಲಿ. ಒಂದೇ ಲೈಗ್ಯಾಂಡ್ ಹಿಡಿದುಕೊಂಡು ಐದು ವರ್ಷ ಮುಗಿಸಿದವರಿಗೆ ಆಮೇಲೆ ಕಷ್ಟ ಆಗಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಎಲ್ಲಕ್ಕಿಂತ ಮುಖ್ಯ ಯಾವ ಲ್ಯಾಬ್ ಅನ್ನೋದು. ಸಂಸ್ಥೆಯ ಹೆಸರು ನೋಡಿ ಮರುಳಾಗಬಾರದು. ಸೇರುವ ಮುಂಚೆ ಅಲ್ಲಿಗೆ ಒಂದು ಸಲ ಹೋಗಿಬರಲಿ. ಗೈಡ್ ಜೊತೆ ಮಾತಾಡಿದ ಮೇಲೆ, ನಾಲ್ಕನೇ ವರ್ಷದಲ್ಲಿರುವ ಒಬ್ಬ ವಿದ್ಯಾರ್ಥಿನಿಯನ್ನು ಟೀ ಕುಡಿಯಲು ಹೊರಗೆ ಕರೆಯಲಿ. ಹಿಂದಿನವರು ಎಷ್ಟು ವರ್ಷಕ್ಕೆ ಮುಗಿಸಿದರು, ಬಿಟ್ಟು ಹೋದವರು ಎಷ್ಟು, ಎಚ್‌ಪಿಎಲ್‌ಸಿಗೆ ಸರದಿ ಎಷ್ಟು ದಿನ ಕಾಯಬೇಕು, ರಾತ್ರಿ ಲ್ಯಾಬ್‌ನಲ್ಲಿ ಒಬ್ಬರೇ ಇರಬೇಕಾಗುತ್ತದಾ, ಫ್ಯೂಮ್ ಹುಡ್ ಸರಿಯಾಗಿ ಹೊಗೆ ಎಳೆಯುತ್ತದಾ ಅಂತ ಕೇಳಲಿ. ಕೊನೆಯ ಎರಡು ತಂದೆಯಾಗಿ ನಿಮಗೂ ಬೇಕಾದ ಪ್ರಶ್ನೆಗಳು. ಪೆರಾಕ್ಸೈಡ್, ಹೈಡ್ರೋಜನ್ ಎಲ್ಲ ಹುಷಾರಾಗಿ ಮುಟ್ಟಬೇಕಾದ ವಸ್ತುಗಳು. ಕನ್ನಡಕ, ಕೈಗವಸು ಹಾಕದೆ ಬೆಂಚಿನ ಹತ್ತಿರ ನಿಂತಿರುವ ಸೀನಿಯರ್‌ಗಳೇ ಕಂಡರೆ ಆ ಲ್ಯಾಬ್ ಬೇಡ. ಗೈಡ್ ಎಂಥವರು ಅಂತ ತಿಳಿಯಲು ನನ್ನದೊಂದು ಉಪಾಯ ಇದೆ: ಕೆಟ್ಟ ಫಲಿತಾಂಶ ತಂದು ತೋರಿಸಿದಾಗ ಏನಂತಾರೆ ಅಂತ ಆ ವಿದ್ಯಾರ್ಥಿನಿಯನ್ನು ಕೇಳಲಿ. ಅವಳು ಉತ್ತರ ಹೇಳುವ ಮುಂಚೆ ಅತ್ತಿತ್ತ ನೋಡಿದರೆ, ಟೀ ಕುಡಿದು ದುಡ್ಡು ಕೊಟ್ಟು ವಾಪಸ್ ಬರಲಿ.

ಅಷ್ಟರೊಳಗೆ ಅವಳಿಗೆ ಒಂದು ಕೆಲಸ ಕೊಡುತ್ತೇನೆ. ಅವಳ ವಿಭಾಗದಲ್ಲಿ ಪೋಲಾರಿಮೀಟರ್ (ದ್ರಾವಣ ಬೆಳಕನ್ನು ಎಷ್ಟು ತಿರುಗಿಸುತ್ತದೆ ಅಂತ ಅಳೆಯುವ ಯಂತ್ರ) ಇದ್ದರೆ, ಟಾರ್ಟಾರಿಕ್ ಆಸಿಡ್ 20 ಗ್ರಾಂ ತೂಗಿ ನೀರಿನಲ್ಲಿ ಕರಗಿಸಿ 100 ಮಿಲಿಲೀಟರ್ ಮಾಡಲಿ. 10 ಸೆಂಟಿಮೀಟರ್ ಟ್ಯೂಬ್‌ಗೆ ತುಂಬಿ, ಸೋಡಿಯಂ ದೀಪದ ಹಳದಿ ಬೆಳಕಿನಲ್ಲಿ ನೋಡಲಿ. ಬಲಕ್ಕೆ ಸುಮಾರು 2.4 ಡಿಗ್ರಿ ಬರಬೇಕು. ಐದು ಸಲ ಓದಿ, ಐದನ್ನೂ ಬರೆದು ನನಗೆ ಕಳಿಸಲಿ, ಸರಾಸರಿ ಒಂದನ್ನೇ ಕಳಿಸುವುದು ಬೇಡ. ಮನೆಯ ಹುಣಸೆಹಣ್ಣನ್ನೇ ಕಿವುಚಿ ಹಾಕುತ್ತೇನೆ ಅಂದರೆ ಬೇಡ ಅನ್ನಿ. ಅದರಲ್ಲಿರುವ ಸಕ್ಕರೆಯೂ ಬೆಳಕನ್ನು ತಿರುಗಿಸುತ್ತದೆ, ಲೆಕ್ಕ ಕೆಡುತ್ತದೆ.